ಅನ್ನದ ದಾರಿ, ರಕ್ತದ ದಾರಿ: ಸರಗೂರು ಸೀಮೆಯಿಂದ ಎರಡು ಶಸ್ತ್ರಚಿಕಿತ್ಸೆಗಳ ಚರಿತ್ರೆ

ಅನ್ನನಾಳ ಮತ್ತು ಹೃದಯ ಎದೆಗೂಡಿನೊಳಗೆ ಒಂದರ ಬೆನ್ನಿಗೆ ಒಂದು ತಾಗಿಕೊಂಡಿರುವ ಅಂಗಗಳು. ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಇಳಿಯುವ ಅನ್ನನಾಳವು ಹೃದಯದ ಎಡ ಮೇಲ್ಕೋಣೆಯ, ಎಂದರೆ ಎಡ ಹೃತ್ಕರ್ಣದ, ಹಿಂಬದಿಯನ್ನು ಸವರಿಕೊಂಡೇ ಹಾದುಹೋಗುತ್ತದೆ. ಇಷ್ಟು ನೆರೆಯಲ್ಲಿದ್ದರೂ ಇವೆರಡರ ಶಸ್ತ್ರಚಿಕಿತ್ಸೆಗಳು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವೈದ್ಯರ ಕೈಯಲ್ಲಿ, ಒಂದರ ಅಗತ್ಯವನ್ನು ಇನ್ನೊಂದು ಗಣನೆಗೆ ತೆಗೆದುಕೊಳ್ಳದೆಯೇ ಬೆಳೆದವು. ಅನ್ನನಾಳವನ್ನು ತೆಗೆದು ಅದರ ಜಾಗಕ್ಕೆ ಜಠರವನ್ನೋ ದೊಡ್ಡ ಕರುಳನ್ನೋ ಎಳೆದು ತರುವ ವಿದ್ಯೆ ಒಂದು ಕಡೆ, ಕಟ್ಟಿಕೊಂಡ ಹೃದಯಧಮನಿಗೆ ಬೇರೊಂದು ರಕ್ತನಾಳದ ಮೂಲಕ ಬಳಸುದಾರಿ ಮಾಡಿಕೊಡುವ ಬೈಪಾಸ್ ವಿದ್ಯೆ ಇನ್ನೊಂದು ಕಡೆ ರೂಪುಗೊಂಡು, ಎರಡೂ ಯಶಸ್ವಿಯಾದ ಮೇಲೆಯೇ ಅವು ಪರಸ್ಪರ ಎದುರಾದವು. ಮೊದಲನೆಯ ಚಿಕಿತ್ಸೆಯಿಂದ ಬದುಕುಳಿದ ರೋಗಿಗೆ ವರ್ಷಗಳ ನಂತರ ಎರಡನೆಯದು ಬೇಕಾಗಿ ಬಂದಾಗ, ಎದೆಯೊಳಗಿನ ಇಕ್ಕಟ್ಟಾದ ಜಾಗಕ್ಕೂ ಬೆರಳೆಣಿಕೆಯ ರಕ್ತನಾಳಗಳಿಗೂ ಎರಡು ವಿದ್ಯೆಗಳ ಹಕ್ಕು ಬಿದ್ದಿರುವುದು ತಿಳಿಯಿತು. ಮೈಸೂರು ಜಿಲ್ಲೆಯ ನೈಋತ್ಯದ ಅಂಚಿನಲ್ಲಿ ಕಪಿಲೆಯ, ಎಂದರೆ ಕಬಿನಿ ನದಿಯ, ದಡದ ಮೇಲಿರುವ ಸರಗೂರಿನಿಂದ ಈ ಚರಿತ್ರೆಯನ್ನು ನೋಡಿದರೆ ಇನ್ನೂ ಒಂದು ಸಂಗತಿ ಗೋಚರಿಸುತ್ತದೆ: ಎರಡನೆಯ ಶಸ್ತ್ರಚಿಕಿತ್ಸೆಯ ಸುರಕ್ಷತೆ ಶಸ್ತ್ರವೈದ್ಯನ ಕೈಚಳಕವನ್ನು ಅವಲಂಬಿಸಿರುವಷ್ಟೇ, ಮೊದಲನೆಯ ಶಸ್ತ್ರಚಿಕಿತ್ಸೆಯ ವಿವರ ಅವನ ಕೈಸೇರಿತೇ ಇಲ್ಲವೇ ಎಂಬುದನ್ನೂ ಅವಲಂಬಿಸಿದೆ.

ಸೀಮೆ, ಸೊಪ್ಪು ಮತ್ತು ಎರಡು ರೋಗಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ (ಚಿಕ್ಕದಾಗಿ ಕೋಟೆ) ಮತ್ತು ಇತ್ತೀಚೆಗೆ ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಸರಗೂರು ಸೇರಿದ ಸೀಮೆಯು ಕರ್ನಾಟಕದ ವರ್ಜೀನಿಯಾ ತಂಬಾಕಿನ ಮುಖ್ಯ ನೆಲೆ. ಸಿಗರೇಟಿಗೆ ಬಳಕೆಯಾಗುವ ಈ ಸೊಪ್ಪನ್ನು ಇಲ್ಲಿನ ಹಗುರ ಮಣ್ಣಿನಲ್ಲಿ ಮುಂಗಾರಿನ ಮಳೆಯ ಆಸರೆಯಿಂದಲೇ ಬೆಳೆದು, ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಮನೆಯೊಳಗೆ ತೂಗುಹಾಕಿ, ಹೊರಗಿನ ಒಲೆಯ ಬಿಸಿಯನ್ನು ಕೊಳವೆಗಳಲ್ಲಿ ಹಾಯಿಸಿ ಹಲವು ದಿನ ಹದ ಮಾಡುತ್ತಾರೆ. 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು ಬೆಳೆಗಾರರಿಗೆ ಪರವಾನಗಿ ನೀಡಿ, 1984ರಿಂದ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದ ಮೇಲೆ ಈ ತಾಲ್ಲೂಕುಗಳ ಕೃಷಿಯ ಲೆಕ್ಕಾಚಾರವೇ ಹರಾಜು ಮಾರುಕಟ್ಟೆಯ ದರದ ಸುತ್ತ ತಿರುಗಲಾರಂಭಿಸಿತು. ಹೊರದೇಶಗಳಿಗೆ ಹೋಗುವ ಈ ಸೊಪ್ಪು ಒಂದು ಕಡೆಯಾದರೆ, ಊರಿನ ಬಾಯಿಗೆ ಬೀಳುವ ಹೊಗೆಸೊಪ್ಪು, ಕಡ್ಡಿಪುಡಿ ಮತ್ತು ಬೀಡಿ ಇನ್ನೊಂದು ಕಡೆ. ಎಲೆ, ಅಡಿಕೆ, ಸುಣ್ಣದ ಜೊತೆಗೆ ಒಂದು ಚೂರು ಹೊಗೆಸೊಪ್ಪು ಹಾಕಿಕೊಳ್ಳುವುದು ಹೊಲದ ಕೆಲಸದ ನಡುವಿನ ವಿರಾಮದ ಭಾಗವೇ ಆಗಿ ಇಲ್ಲಿನ ಗಂಡಸರಲ್ಲೂ ಹೆಂಗಸರಲ್ಲೂ ಬೇರೂರಿದ ರೂಢಿ.

ಹೃದಯಧಮನಿಯ ಕಾಯಿಲೆಗೂ ಅನ್ನನಾಳದ ಕ್ಯಾನ್ಸರಿಗೂ ಇರುವ ಸಮಾನ ಕಾರಣಗಳಲ್ಲಿ ತಂಬಾಕು ಎಲ್ಲಕ್ಕಿಂತ ದೊಡ್ಡದು. ಹೊಗೆಯಾಗಿ ಒಳಹೋದ ತಂಬಾಕು ಧಮನಿಗಳ ಒಳಪದರವನ್ನು ಕೆಡಿಸಿ ಕೊಬ್ಬು ಶೇಖರಗೊಳ್ಳಲು ಎಡೆಮಾಡಿಕೊಡುತ್ತದೆ, ಅಗಿದು ನುಂಗಿದ ತಂಬಾಕಿನ ರಸ ಬಾಯಿ, ಗಂಟಲು, ಅನ್ನನಾಳಗಳ ಒಳಚರ್ಮವನ್ನು ವರ್ಷಗಟ್ಟಲೆ ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಹೊಗೆಸೊಪ್ಪು ಬೆರೆತ ಎಲೆಅಡಿಕೆಯನ್ನು ಅನ್ನನಾಳದ ಕ್ಯಾನ್ಸರಿನ ಕಾರಣಗಳಲ್ಲಿ ಒಂದೆಂದು ಹೇಳಿತು. ರಾಗಿಮುದ್ದೆಯೇ ಮುಖ್ಯ ಆಹಾರವಾಗಿರುವ ಈ ಭಾಗದಲ್ಲಿ ಆ ರೋಗದ ಮೊದಲ ಸೂಚನೆ ಊಟದ ತಟ್ಟೆಯಲ್ಲೇ ಕಾಣಿಸುತ್ತದೆ. ಅಗಿಯದೆ ನುಂಗುವ ಮುದ್ದೆಯ ತುತ್ತು ಎದೆಯ ನಡುವೆ ನಿಂತಂತಾಗುತ್ತದೆ. ರೋಗಿ ಮುದ್ದೆ ಬಿಟ್ಟು ಅನ್ನಕ್ಕೆ, ಅನ್ನ ಇಳಿಯದಾದಾಗ ಗಂಜಿಗೆ, ಕಡೆಗೆ ನೀರಿಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದು ದೇಹ ಸೊರಗಿರುತ್ತದೆ. ಹೀಗೆ ಹಂತಹಂತವಾಗಿ ಗಟ್ಟಿ ಆಹಾರದಿಂದ ದ್ರವದವರೆಗೆ ನುಂಗುವ ಶಕ್ತಿ ಕುಗ್ಗುವುದನ್ನೇ ವೈದ್ಯಶಾಸ್ತ್ರ ಅನ್ನನಾಳದ ಅಡಚಣೆಯ ಲಕ್ಷಣವೆಂದು ಗುರುತಿಸುತ್ತದೆ.

ಅನ್ನನಾಳದ ಶಸ್ತ್ರಚಿಕಿತ್ಸೆಗೆ ಭಾರತದಲ್ಲಿ ಕ್ಯಾನ್ಸರಿನ ಜೊತೆಗೆ ಇನ್ನೊಂದು ಮುಖ್ಯ ಕಾರಣವಿದೆ. ಶೌಚಾಲಯ ತೊಳೆಯುವ ಆಸಿಡ್ ಅಥವಾ ಕಾಸ್ಟಿಕ್ ಸೋಡಾದಂಥ ಸುಡುವ ದ್ರವವನ್ನು ಮಕ್ಕಳು ಕೈತಪ್ಪಿನಿಂದಲೋ, ದೊಡ್ಡವರು ಬದುಕಿಗೆ ಬೇಸತ್ತೋ ಕುಡಿದಾಗ ಅನ್ನನಾಳ ಸುಟ್ಟು, ಗಾಯ ಮಾಯುವಾಗ ನಾಳ ದಾರದಷ್ಟು ಕಿರಿದಾಗುತ್ತದೆ. ಕ್ಯಾನ್ಸರಿನ ರೋಗಿ ಸಾಮಾನ್ಯವಾಗಿ ಐವತ್ತು ದಾಟಿದವನಾದರೆ ಇಂಥ ರೋಗಿ ಹರೆಯದವನಾಗಿರುವುದೇ ಹೆಚ್ಚು. ಶಸ್ತ್ರಚಿಕಿತ್ಸೆ ಸಫಲವಾದರೆ ಅವನ ಮುಂದೆ ಹಲವು ದಶಕಗಳ ಆಯುಸ್ಸು ಇರುವುದರಿಂದ, ಹೃದಯಧಮನಿಯ ಕಾಯಿಲೆ ಬರುವ ವಯಸ್ಸನ್ನು ಅವನು ತಲುಪುವ ಸಾಧ್ಯತೆಯೂ ಹೆಚ್ಚು. ಎರಡು ಶಸ್ತ್ರಚಿಕಿತ್ಸೆಗಳು ಒಂದೇ ದೇಹದಲ್ಲಿ ಸಂಧಿಸುವುದು ಬಹುಮಟ್ಟಿಗೆ ಈ ಎರಡು ಬಗೆಯ ರೋಗಿಗಳಲ್ಲಿ.

ಅನ್ನದ ದಾರಿಯನ್ನು ಬದಲಿಸಿದವರು

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಎದೆಯನ್ನು ತೆರೆಯುವುದೆಂದರೆ ಸಾವನ್ನು ಕರೆಯುವುದೇ ಆಗಿತ್ತು, ಏಕೆಂದರೆ ಎದೆಗೂಡಿನೊಳಗೆ ಹೊರಗಿನ ಗಾಳಿ ನುಗ್ಗಿದೊಡನೆ ಶ್ವಾಸಕೋಶ ಕುಸಿದು ಉಸಿರಾಟ ನಿಲ್ಲುತ್ತಿತ್ತು. 1877ರಲ್ಲಿ ಚೆರ್ನಿ ಎಂಬ ವೈದ್ಯ ಅನ್ನನಾಳದ ತುಂಡೊಂದನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದದ್ದು ಕುತ್ತಿಗೆಯ ಭಾಗದಲ್ಲಿ. ಎದೆಯೊಳಗಿನ ಭಾಗವನ್ನು ಮುಟ್ಟಲು ಇನ್ನೂ ಮೂರೂವರೆ ದಶಕ ಕಾಯಬೇಕಾಯಿತು. 1904ರಲ್ಲಿ ಜರ್ಮನಿಯ ಸಾವರ್‌ಬ್ರುಕ್ ಒತ್ತಡ ತಗ್ಗಿಸಿದ ಕೋಣೆಯೊಳಗೆ ಎದೆ ತೆರೆಯುವ ವಿಧಾನವನ್ನು ತೋರಿಸಿದನು, 1909ರಲ್ಲಿ ಮೆಲ್ಟ್ಸರ್ ಮತ್ತು ಆವರ್ ಶ್ವಾಸನಾಳದೊಳಗೆ ಕೊಳವೆ ಇಳಿಸಿ ಗಾಳಿ ಊದುವ ಉಪಾಯವನ್ನು ಕಂಡುಕೊಂಡರು. ಇಂದಿನ ಅರಿವಳಿಕೆ ಶಾಸ್ತ್ರ ಬೆಳೆದದ್ದು ಈ ಎರಡನೆಯ ಹಾದಿಯಲ್ಲಿ.

1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೊರೆಕ್ ಎದೆಯೊಳಗಿನ ಅನ್ನನಾಳದ ಕ್ಯಾನ್ಸರನ್ನು ತೆಗೆದು ರೋಗಿಯನ್ನು ಉಳಿಸಿಕೊಂಡನು. ಆದರೆ ಕತ್ತರಿಸಿದ ತುದಿಗಳನ್ನು ಮತ್ತೆ ಜೋಡಿಸುವ ಉಪಾಯ ಅವನಲ್ಲಿರಲಿಲ್ಲ. ಕುತ್ತಿಗೆಯಲ್ಲಿ ಹೊರತಂದ ಅನ್ನನಾಳದ ತುದಿಗೂ ಹೊಟ್ಟೆಯ ಮೇಲೆ ಜಠರಕ್ಕೆ ಮಾಡಿದ ರಂಧ್ರಕ್ಕೂ ನಡುವೆ ಹೊರಗಿನಿಂದಲೇ ಒಂದು ರಬ್ಬರ್ ಕೊಳವೆಯನ್ನು ಅಳವಡಿಸಲಾಯಿತು, ಆ ಮಹಿಳೆ ಆ ಕೊಳವೆಯ ಮೂಲಕವೇ ಉಣ್ಣುತ್ತ ಹತ್ತಕ್ಕೂ ಹೆಚ್ಚು ವರ್ಷ ಬದುಕಿದಳು. ರೋಗವನ್ನು ತೆಗೆಯುವುದಕ್ಕಿಂತ ಅನ್ನಕ್ಕೆ ಹೊಸ ದಾರಿ ಮಾಡಿಕೊಡುವುದೇ ಕಷ್ಟದ ಕೆಲಸವೆಂದು ಈ ಪ್ರಕರಣದಿಂದ ಸ್ಪಷ್ಟವಾಯಿತು. 1920ರಲ್ಲಿ ಜರ್ಮನಿಯ ಕಿರ್ಷ್ನರ್ ಜಠರವನ್ನು ಅದರ ಆಸರೆಗಳಿಂದ ಬಿಡಿಸಿ, ಎದೆಯ ಚರ್ಮದ ಅಡಿಯಲ್ಲಿ ಕುತ್ತಿಗೆಯವರೆಗೆ ಎಳೆದು ತಂದನು. 1933ರಲ್ಲಿ ಜಪಾನಿನ ಓಸಾವ ಎದೆಯೊಳಗೇ ಜಠರವನ್ನು ಅನ್ನನಾಳದ ಉಳಿದ ತುದಿಗೆ ಹೊಲಿದ ಪ್ರಕರಣಗಳನ್ನು ಪ್ರಕಟಿಸಿದನು. 1946ರಲ್ಲಿ ಐವರ್ ಲೂಯಿಸ್ ಮೊದಲು ಹೊಟ್ಟೆಯನ್ನು, ಅನಂತರ ಬಲ ಎದೆಯನ್ನು ತೆರೆಯುವ ಎರಡು ಹಂತದ ಕ್ರಮವನ್ನು ರೂಪಿಸಿದನು. 1976ರಲ್ಲಿ ಮೆಕ್‌ಕ್ಯೂನ್ ಇದಕ್ಕೆ ಕುತ್ತಿಗೆಯ ಗಾಯವನ್ನೂ ಸೇರಿಸಿ ಮೂರು ಹಂತ ಮಾಡಿದನು. 1978ರಲ್ಲಿ ಆರಿಂಜರ್ ಎದೆಯನ್ನು ತೆರೆಯದೆ, ಕುತ್ತಿಗೆ ಮತ್ತು ಹೊಟ್ಟೆಯ ಗಾಯಗಳ ಮೂಲಕವೇ ಅನ್ನನಾಳವನ್ನು ಬಿಡಿಸಿ ತೆಗೆಯುವ ಕ್ರಮಕ್ಕೆ ಮರುಜೀವ ಕೊಟ್ಟನು.

ಹೀಗೆ ಮೇಲೆಳೆದ ಜಠರ ಅಥವಾ ಕರುಳು ಕುತ್ತಿಗೆಯನ್ನು ಸೇರಲು ಮೂರು ದಾರಿಗಳು ರೂಢಿಗೆ ಬಂದವು. ಮೊದಲನೆಯದು ಅನ್ನನಾಳ ಇದ್ದ ಜಾಗವೇ ಆದ, ಹೃದಯದ ಹಿಂಬದಿಯ ದಾರಿ. ಎರಡನೆಯದು ಎದೆಯ ನಡುವಿನ ಚಪ್ಪಟೆ ಎಲುಬಾದ ಎದೆಮೂಳೆಗೂ ಅದರ ಹಿಂದಿನ ಹೃದಯಕ್ಕೂ ನಡುವೆ ಬೆರಳುಗಳಿಂದ ಬಿಡಿಸಿ ಮಾಡಿಕೊಳ್ಳುವ ಸುರಂಗ. ಮೂರನೆಯದು ಕಿರ್ಷ್ನರ್ ಬಳಸಿದ, ಚರ್ಮದ ಅಡಿಯ ದಾರಿ. ಚರ್ಮದಡಿಯ ದಾರಿಯಲ್ಲಿ ತುತ್ತು ಇಳಿಯುವುದು ಹೊರಗಣ್ಣಿಗೇ ಕಾಣುತ್ತಿದ್ದುದರಿಂದಲೂ ನಾಳ ಬಾಗಿ ಸಿಕ್ಕಿಕೊಳ್ಳುತ್ತಿದ್ದುದರಿಂದಲೂ ಅದರ ಬಳಕೆ ಕ್ರಮೇಣ ತಗ್ಗಿತು. ಎದೆಮೂಳೆಯ ಹಿಂದಿನ ದಾರಿಗೆ ಮಾತ್ರ ಗಟ್ಟಿಯಾದ ಸಮರ್ಥನೆಗಳಿದ್ದವು: ಕ್ಯಾನ್ಸರ್ ಮರುಕಳಿಸಿದರೂ ಹೊಸ ನಾಳ ರೋಗದ ಜಾಗದಿಂದ ದೂರವಿರುತ್ತದೆ, ಹಳೆಯ ಜಾಗಕ್ಕೆ ವಿಕಿರಣ ಚಿಕಿತ್ಸೆ ಕೊಡಬಹುದು, ಹೊಲಿಗೆ ಸೋರಿದರೂ ಅದು ಕುತ್ತಿಗೆಯಲ್ಲಿ ಸೋರುವುದರಿಂದ ಪ್ರಾಣಾಪಾಯ ಕಡಿಮೆ. ಜಪಾನಿನಲ್ಲಿ ಕ್ಯಾನ್ಸರಿನ ರೋಗಿಗಳಿಗೂ ಭಾರತದಲ್ಲಿ ಆಸಿಡ್ ಕುಡಿದು ಅನ್ನನಾಳ ಕಟ್ಟಿಹೋದವರಿಗೂ ಈ ದಾರಿ ಹೆಚ್ಚಾಗಿ ಬಳಕೆಯಾಯಿತು. ಸುಟ್ಟ ಅನ್ನನಾಳವನ್ನು ಇದ್ದಲ್ಲೇ ಬಿಟ್ಟು, ದೊಡ್ಡ ಕರುಳಿನ ಒಂದು ಭಾಗವನ್ನು ಎದೆಮೂಳೆಯ ಹಿಂದೆ ಹಾಯಿಸಿ ಕುತ್ತಿಗೆಗೂ ಜಠರಕ್ಕೂ ಹೊಲಿಯುವುದು ಇದರ ಸಾಮಾನ್ಯ ರೂಪ. ಆ ಜಾಗ ಮುಂದೊಂದು ದಿನ ಹೃದಯದ ವೈದ್ಯರಿಗೆ ಬೇಕಾದೀತೆಂಬ ಯೋಚನೆಗೆ ಅಂದು ಆಸ್ಪದವೇ ಇರಲಿಲ್ಲ, ಏಕೆಂದರೆ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಬದುಕುವವರು ವಿರಳವಾಗಿದ್ದರು.

ರಕ್ತಕ್ಕೆ ಬಳಸುದಾರಿ

ಹೃದಯದ ಶಸ್ತ್ರಚಿಕಿತ್ಸೆ ಇನ್ನೂ ತಡವಾಗಿ ಬೆಳೆಯಿತು. 1896ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಇರಿತದಿಂದ ಗಾಯಗೊಂಡ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದ್ದರೂ, ಹೃದಯವನ್ನು ನಿಲ್ಲಿಸಿ ನಿಧಾನವಾಗಿ ಕೆಲಸ ಮಾಡಲು 1953ರ ಮೇ 6ರಂದು ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಸಫಲವಾಗಿ ಬಳಸುವವರೆಗೆ ಕಾಯಬೇಕಾಯಿತು. ದೇಹದ ರಕ್ತವನ್ನು ಹೊರಗೆ ಹರಿಸಿ, ಅದಕ್ಕೆ ಆಮ್ಲಜನಕ ಬೆರೆಸಿ ಮತ್ತೆ ಒಳಗೆ ಕಳಿಸುವ ಈ ಯಂತ್ರ ಅಷ್ಟು ಹೊತ್ತು ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ನಡೆಸುತ್ತದೆ. 1964ರಲ್ಲಿ ಲೆನಿನ್‌ಗ್ರಾಡಿನ ಕೊಲೆಸೊವ್, ಎದೆಮೂಳೆಯ ಪಕ್ಕದಲ್ಲಿ ಎದೆಗೋಡೆಯ ಒಳಮೈಗುಂಟ ಇಳಿಯುವ ಎಡ ಒಳಧಮನಿಯ ತುದಿಯನ್ನು ಬಿಡಿಸಿ, ಯಂತ್ರದ ನೆರವಿಲ್ಲದೆ ಬಡಿಯುತ್ತಿರುವ ಹೃದಯದ ಧಮನಿಗೆ ಹೊಲಿದನು. ವೈದ್ಯರ ಮಾತಿನಲ್ಲಿ ಲಿಮಾ ಎಂದು ಕರೆಯಲ್ಪಡುವ ಈ ಧಮನಿಯೇ ಮುಂದೆ ಬೈಪಾಸಿನ ಅತ್ಯುತ್ತಮ ನಾಳವೆಂದು ಸಿದ್ಧವಾಯಿತು. ಕ್ಲೀವ್‌ಲ್ಯಾಂಡ್ ಕ್ಲಿನಿಕ್ 1986ರಲ್ಲಿ ಪ್ರಕಟಿಸಿದ ಹತ್ತು ವರ್ಷಗಳ ಅನುಭವವು, ಹೃದಯದ ಮುಂಭಾಗದ ಮುಖ್ಯ ಧಮನಿಗೆ ಇದನ್ನು ಜೋಡಿಸಿಕೊಂಡವರು ಕಾಲಿನ ಅಭಿಧಮನಿಯನ್ನು ಮಾತ್ರ ಜೋಡಿಸಿಕೊಂಡವರಿಗಿಂತ ಹೆಚ್ಚು ಕಾಲ ಬದುಕುವುದನ್ನು ತೋರಿಸಿತು.

ಬೈಪಾಸನ್ನು ಜಗತ್ತಿನಾದ್ಯಂತ ಹಬ್ಬಿಸಿದವನು ಅರ್ಜೆಂಟೀನಾದ ರೆನೆ ಫವಲೊರೊ. ಅವನು 1950ರಿಂದ ಸುಮಾರು ಹನ್ನೆರಡು ವರ್ಷ ಹಸಿಂತೊ ಅರಾವುಸ್ ಎಂಬ ಸಣ್ಣ ಊರಿನಲ್ಲಿ ಹಳ್ಳಿಯ ವೈದ್ಯನಾಗಿ ದುಡಿದು, ಅನಂತರ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋದವನು. ಅಲ್ಲಿ ಮೇಸನ್ ಸೋನ್ಸ್ 1958ರಲ್ಲಿ ಆರಂಭಿಸಿದ್ದ ಆಂಜಿಯೋಗ್ರಾಂ, ಎಂದರೆ ಹೃದಯಧಮನಿಗೆ ಬಣ್ಣದ ದ್ರವ ಹಾಯಿಸಿ ಅಡಚಣೆಯ ಜಾಗವನ್ನು ಎಕ್ಸ್‌ರೇಯಲ್ಲಿ ಗುರುತಿಸುವ ಪರೀಕ್ಷೆ, ಅವನ ಕೆಲಸಕ್ಕೆ ನಕ್ಷೆಯಾಯಿತು. 1967ರ ಮೇ ತಿಂಗಳಲ್ಲಿ ಅವನು ಕಾಲಿನ ಅಭಿಧಮನಿಯ ತುಂಡನ್ನು ಬಳಸಿ ಕಟ್ಟಿಕೊಂಡ ಧಮನಿಗೆ ಬಳಸುದಾರಿ ಮಾಡಿದನು. ಈ ಶಸ್ತ್ರಚಿಕಿತ್ಸೆಗೆ ರೂಢಿಯಾದ ಹೆಬ್ಬಾಗಿಲು ಎದೆಮೂಳೆ: ಅದನ್ನು ಮೇಲಿನಿಂದ ಕೆಳಗಿನವರೆಗೆ ಗರಗಸದಿಂದ ಸೀಳಿ, ಎರಡು ಹೋಳುಗಳನ್ನು ಸರಿಸಿದೊಡನೆ ಹೃದಯ ನೇರವಾಗಿ ಎದುರಾಗುತ್ತದೆ. ಬೈಪಾಸ್ ಹಬ್ಬಿದ ಹಾಗೆಲ್ಲ ಬೇರೆ ಬೇರೆ ನಾಳಗಳಿಗಾಗಿ ಹುಡುಕಾಟ ನಡೆದು, 1980ರ ದಶಕದಲ್ಲಿ ಕೆನಡಾ ಮತ್ತು ಜಪಾನಿನ ಶಸ್ತ್ರವೈದ್ಯರು ಜಠರದ ಹೊರಬಾಗಿನ ಅಂಚಿನಲ್ಲಿ ಹರಿಯುವ ಬಲ ಗ್ಯಾಸ್ಟ್ರೋಎಪಿಪ್ಲೋಯಿಕ್ ಧಮನಿಯನ್ನೂ ಬಿಡಿಸಿ ಮೇಲಕ್ಕೆ ತಂದು ಹೃದಯಕ್ಕೆ ಜೋಡಿಸತೊಡಗಿದರು. ಅನ್ನನಾಳದ ಬದಲಿಗೆ ಮೇಲೆಳೆದ ಜಠರ ಜೀವ ಹಿಡಿದುಕೊಂಡಿರುವುದು ಬಹುಮಟ್ಟಿಗೆ ಇದೇ ಒಂದು ಧಮನಿಯ ರಕ್ತದಿಂದ. ಒಂದು ವಿದ್ಯೆಗೆ ಇದು ಹೆಚ್ಚುವರಿ ನಾಳ, ಇನ್ನೊಂದಕ್ಕೆ ಇದೇ ಜೀವನಾಡಿ.

ಭಾರತದಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದ ಕೇಂದ್ರಗಳಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮುಖ್ಯವಾದದ್ದು. 1940ರ ದಶಕದ ಕೊನೆಯಲ್ಲಿ ರೀವ್ ಬೆಟ್ಸ್ ಅಲ್ಲಿ ಎದೆ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದರು, 1961ರಲ್ಲಿ ಅಲ್ಲಿಯೇ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ದೇಶದ ಮೊದಲ ಬೈಪಾಸನ್ನು 1975ರಲ್ಲಿ ಮದರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ನೆರವೇರಿಸಿದರು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಕ್ಯಾನ್ಸರಿಗೂ, ಮುಂದೆ ಜಯದೇವ ಹೃದ್ರೋಗ ಸಂಸ್ಥೆ ಹೃದಯಕ್ಕೂ ಸರ್ಕಾರಿ ವಲಯದ ದೊಡ್ಡ ಆಸ್ಪತ್ರೆಗಳಾಗಿ ಬೆಳೆದವು. ಅನ್ನನಾಳದ ರೋಗಿಯ ಕಡತ ಒಂದು ಸಂಸ್ಥೆಯಲ್ಲಿ, ಹೃದಯದ ರೋಗಿಯ ಕಡತ ಇನ್ನೊಂದರಲ್ಲಿ ಎಂಬ ವಿಭಜನೆ ಈ ಬೆಳವಣಿಗೆಯ ಜೊತೆಗೇ ಬಂದದ್ದು.

ಸರಗೂರಿನಿಂದ ಆಸ್ಪತ್ರೆಯವರೆಗೆ

ಮೈಸೂರು ಸಂಸ್ಥಾನದ ಕಾಲದಲ್ಲಿ ಕೋಟೆ ಸೀಮೆಯ ಜನರಿಗೆ ದೊಡ್ಡ ಚಿಕಿತ್ಸೆಯೆಂದರೆ ಮೈಸೂರು ಪಟ್ಟಣ. 1906ರಲ್ಲಿ ಆರಂಭವಾದ, ಜನ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ದೊಡ್ಡಾಸ್ಪತ್ರೆಯಾದ ಕೃಷ್ಣರಾಜೇಂದ್ರ ಆಸ್ಪತ್ರೆ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಸ್ಥಾಪನೆಯಾದ ಕ್ಷಯರೋಗ ಆಸ್ಪತ್ರೆ ಇವು ಅದರ ಮೂರು ಮುಖ್ಯ ನೆಲೆಗಳು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂದ ಮೇಲೆ ದೊಡ್ಡಾಸ್ಪತ್ರೆ ಬೋಧನಾ ಆಸ್ಪತ್ರೆಯೂ ಆಯಿತು. ಸರಗೂರಿನಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಈ ಆಸ್ಪತ್ರೆಗಳನ್ನು ತಲುಪುವುದೇ ಅಂದಿನ ರೋಗಿಗೆ ಒಂದು ದೊಡ್ಡ ಪ್ರಯಾಣ. ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ, ಬೆಟ್ಟಕುರುಬ, ಯರವ ಮತ್ತು ಸೋಲಿಗರಿಗೆ ಆ ದೂರ ಇನ್ನೂ ಹೆಚ್ಚಿನದು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು, 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು, ಇವುಗಳ ಆಸುಪಾಸಿನಲ್ಲಿ ನಡೆದ ಒಕ್ಕಲೆಬ್ಬಿಸುವಿಕೆಯಿಂದ ಹಲವು ಕುಟುಂಬಗಳು ನೆಲೆ ಕಳೆದುಕೊಂಡು ಹೊಸ ಜಾಗಗಳಲ್ಲಿ ಬದುಕು ಕಟ್ಟಿಕೊಳ್ಳಬೇಕಾಗಿತ್ತು.

ಈ ಹಿನ್ನೆಲೆಯಲ್ಲಿ, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳ್ತನದಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1987ರಲ್ಲಿ ಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸಾಲಯ ತೆರೆದದ್ದು ಸೀಮೆಯ ವೈದ್ಯಕೀಯ ಚರಿತ್ರೆಯಲ್ಲಿ ಒಂದು ತಿರುವು. ಕೆಂಚನಹಳ್ಳಿಯ ಸಣ್ಣ ಆಸ್ಪತ್ರೆ, ಅನಂತರ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಅದೇ ಕೆಲಸದ ಮುಂದುವರಿಕೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2001ರಿಂದ ಕೈಗೆತ್ತಿಕೊಂಡ ದೂರವೈದ್ಯ ಯೋಜನೆಯಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ಜೊತೆಗೆ ಸರಗೂರಿನ ಈ ಆಸ್ಪತ್ರೆಗೂ ಉಪಗ್ರಹದ ಮೂಲಕ ಬೆಸೆಯಲಾಯಿತು. ಎದೆನೋವಿನ ರೋಗಿಯ ಇಸಿಜಿ, ಎಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಬರಹ, ಮತ್ತು ಎಕ್ಸ್‌ರೇ ಚಿತ್ರಗಳು ಸರಗೂರಿನಿಂದ ಉಪಗ್ರಹವನ್ನು ಮುಟ್ಟಿ ಬೆಂಗಳೂರಿನ ಹೃದ್ರೋಗ ತಜ್ಞರ ಪರದೆಗೆ ಇಳಿಯುವ ಈ ಏರ್ಪಾಡು, ಹೃದಯಾಘಾತದ ಮೊದಲ ಗಂಟೆಗಳ ಚಿಕಿತ್ಸೆಯನ್ನು ಊರಿನಲ್ಲೇ ಆರಂಭಿಸಲು ದಾರಿ ಮಾಡಿತು. ಆ ಗಂಟೆಗಳಲ್ಲಿ ಧಮನಿಯೊಳಗಿನ ರಕ್ತಗೆಡ್ಡೆಯನ್ನು ಕರಗಿಸುವ ಔಷಧ ಸಿಕ್ಕರೆ ಹೃದಯದ ಸ್ನಾಯು ಉಳಿಯುತ್ತದೆ, ತಡವಾದರೆ ಸಾಯುತ್ತದೆ.

ಚಿಕಿತ್ಸೆಯ ಖರ್ಚಿನ ಚರಿತ್ರೆಯೂ ಇದೇ ಕಾಲದಲ್ಲಿ ಬದಲಾಯಿತು. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ ವರ್ಷಕ್ಕೆ 60 ರೂಪಾಯಿಯ ವಂತಿಗೆಗೆ ಹೃದಯದ ಶಸ್ತ್ರಚಿಕಿತ್ಸೆಯನ್ನೂ ಒಳಗೊಂಡಿತು. 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ ಯೋಜನೆಗಳು ಬಡ ಕುಟುಂಬಗಳಿಗೆ ಕ್ಯಾನ್ಸರ್ ಮತ್ತು ಹೃದ್ರೋಗದ ದುಬಾರಿ ಚಿಕಿತ್ಸೆಗಳನ್ನು ಎಟುಕಿಸಿದವು. ಜಯದೇವ ಸಂಸ್ಥೆಯ ಮೈಸೂರು ಶಾಖೆ ಮೊದಲು ದೊಡ್ಡಾಸ್ಪತ್ರೆಯ ಆವರಣದಲ್ಲಿ ನಡೆದು, ಆಮೇಲೆ ಕೆ.ಆರ್.ಎಸ್. ರಸ್ತೆಯ ಸ್ವಂತ ಕಟ್ಟಡಕ್ಕೆ ಹೋದ ಮೇಲೆ ಸರಗೂರಿನ ರೋಗಿಗೆ ಬೈಪಾಸಿಗಾಗಿ ಬೆಂಗಳೂರಿಗೇ ಹೋಗಬೇಕಾದ ಅನಿವಾರ್ಯವೂ ತಗ್ಗಿತು. ಹೀಗೆ ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಎರಡೂ ಶಸ್ತ್ರಚಿಕಿತ್ಸೆಗಳು ಒಬ್ಬ ಸಾಧಾರಣ ರೈತನ ಆಯುಸ್ಸಿನೊಳಗೆ ನಡೆಯಬಹುದಾದ ಸ್ಥಿತಿ ಒದಗಿತು.

ಎರಡು ದಾರಿಗಳು ಸಂಧಿಸುವಲ್ಲಿ

ಅನ್ನನಾಳದ ಶಸ್ತ್ರಚಿಕಿತ್ಸೆಯಾದ ರೋಗಿಯಲ್ಲಿ ಹೃದಯದ ನೋವನ್ನು ಗುರುತಿಸುವುದೇ ಮೊದಲ ತೊಡಕು. ಎದೆಯ ಉರಿ, ಒತ್ತಡ, ತೇಗುಗಳನ್ನೆಲ್ಲ ಈ ಭಾಗದಲ್ಲಿ ಗ್ಯಾಸ್ಟ್ರಿಕ್ ಎಂಬ ಒಂದೇ ಮಾತಿನಲ್ಲಿ ಹೇಳಿ, ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗುವ ರೂಢಿಯಿದೆ. ಜಠರವೇ ಎದೆಯೊಳಗೆ ಬಂದು ಕುಳಿತಿರುವ ರೋಗಿಯಲ್ಲಿ ಊಟದ ನಂತರದ ಎದೆಭಾರಕ್ಕೆ ಈ ವಿವರಣೆ ನಿಜವೂ ಆಗಿರಬಹುದಾದ್ದರಿಂದ, ನಡೆದಾಗ ಬಂದು ನಿಂತಾಗ ಹೋಗುವ ಹೃದಯದ ನೋವು ಅದರ ಮರೆಯಲ್ಲಿ ಉಳಿದುಬಿಡುವ ಅಪಾಯ ಹೆಚ್ಚು. ಇಸಿಜಿ ಮತ್ತು ಆಂಜಿಯೋಗ್ರಾಂ ಇಲ್ಲದೆ ಕೇವಲ ಲಕ್ಷಣಗಳಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಆಂಜಿಯೋಗ್ರಾಂನಲ್ಲಿ ಅಡಚಣೆ ಖಚಿತವಾದ ಮೇಲೆ ವೈದ್ಯರು ಮೊದಲು ಓದುವುದು ರೋಗಿಯ ಮೈಮೇಲಿನ ಗಾಯದ ಗುರುತುಗಳನ್ನು. ಹೊಟ್ಟೆಯ ನಡುವೆ ಉದ್ದಗೆರೆ, ಬಲ ಪಕ್ಕೆಯ ಸುತ್ತ ಬಾಗಿದ ಗೆರೆ ಇದ್ದು ಕುತ್ತಿಗೆ ಸ್ವಚ್ಛವಾಗಿದ್ದರೆ ಐವರ್ ಲೂಯಿಸ್ ಕ್ರಮ ನಡೆದಿರುವುದೂ, ಜಠರ ಹೃದಯದ ಹಿಂದೆ ಇರುವುದೂ ಬಹುಮಟ್ಟಿಗೆ ನಿಶ್ಚಿತ. ಕುತ್ತಿಗೆಯಲ್ಲೂ ಗುರುತಿದ್ದರೆ ಮೆಕ್‌ಕ್ಯೂನ್ ಕ್ರಮದ ಸೂಚನೆ, ಆಗ ನಾಳ ಹಿಂದೆಯೂ ಇರಬಹುದು, ಎದೆಮೂಳೆಯ ಅಡಿಯಲ್ಲೂ ಇರಬಹುದು. ಪಕ್ಕೆಯಲ್ಲಿ ಗುರುತಿಲ್ಲದೆ ಕುತ್ತಿಗೆ ಮತ್ತು ಹೊಟ್ಟೆಯಲ್ಲಿ ಮಾತ್ರ ಇದ್ದರೆ ಅದು ಆರಿಂಜರ್ ಕ್ರಮವೋ, ಆಸಿಡ್ ಕುಡಿದವರಿಗೆ ಮಾಡುವ ಕರುಳಿನ ಬದಲಿ ನಾಳವೋ ಎಂದು ಚರ್ಮದಿಂದ ಹೇಳಲಾಗುವುದಿಲ್ಲ, ಮತ್ತು ಈ ಎರಡರ ನಡುವಿನ ವ್ಯತ್ಯಾಸವೇ ಸಾವು-ಬದುಕಿನ ವ್ಯತ್ಯಾಸ. ಮೊದಲನೆಯದರಲ್ಲಿ ನಾಳ ಸಾಮಾನ್ಯವಾಗಿ ಹೃದಯದ ಹಿಂದಿರುತ್ತದೆ, ಎರಡನೆಯದರಲ್ಲಿ ಗರಗಸದ ಹಲ್ಲಿನ ನೇರ ಅಡಿಯಲ್ಲಿ ಕರುಳು ಅಂಟಿಕೊಂಡಿರುತ್ತದೆ. ಸಿ.ಟಿ. ಸ್ಕ್ಯಾನ್ ಈ ಪ್ರಶ್ನೆಯನ್ನು ನಿಶ್ಚಿತವಾಗಿ ಬಗೆಹರಿಸುವುದರಿಂದ, ಇಂಥ ರೋಗಿಯ ಎದೆಯನ್ನು ತೆರೆಯುವ ಮುನ್ನ ಅದನ್ನು ಮಾಡಿಸಿ ಎದೆಮೂಳೆಗೂ ನಾಳಕ್ಕೂ ನಡುವೆ ಎಷ್ಟು ಅಂತರವಿದೆ, ನಾಳ ಎಡಕ್ಕೋ ಬಲಕ್ಕೋ ವಾಲಿದೆಯೇ, ಅದಕ್ಕೆ ರಕ್ತ ಯಾವ ಮಗ್ಗುಲಿನಿಂದ ಬರುತ್ತಿದೆ ಎಂಬುದನ್ನು ನೋಡಿಕೊಳ್ಳುತ್ತಾರೆ.

ನಾಳ ಎದೆಮೂಳೆಯ ಹಿಂದಿದ್ದರೆ ರೂಢಿಯ ಹೆಬ್ಬಾಗಿಲನ್ನು ಬಿಟ್ಟು, ಎಡ ಪಕ್ಕೆಲುಬುಗಳ ನಡುವಿನ ಸಣ್ಣ ಗಾಯದ ಮೂಲಕ ಹೃದಯವನ್ನು ಮುಟ್ಟಿ, ಕೊಲೆಸೊವ್ ಮಾಡಿದಂತೆ ಬಡಿಯುತ್ತಿರುವ ಹೃದಯಕ್ಕೇ ಲಿಮಾ ಧಮನಿಯನ್ನು ಜೋಡಿಸುವುದು ಒಂದು ಉಪಾಯ. ಸುರಂಗ ಮಾಡುವಾಗ ಲಿಮಾ ಧಮನಿಗೇ ಪೆಟ್ಟು ಬಿದ್ದಿರಬಹುದಾದ್ದರಿಂದ ಅದು ಹರಿಯುತ್ತಿದೆಯೇ ಎಂದು ಆಂಜಿಯೋಗ್ರಾಂ ಮಾಡುವಾಗಲೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಹೃದಯದ ಹಿಂಭಾಗದ ಧಮನಿಗಳಿಗೆ ಬಳಸುದಾರಿ ಬೇಕಾದರೆ ಎಡ ಎದೆಯಲ್ಲಿ ಇಳಿಯುವ ಮಹಾಧಮನಿಯಿಂದ ಕಾಲಿನ ಅಭಿಧಮನಿಯನ್ನು ಹಾಯಿಸಬಹುದು. ಎದೆಮೂಳೆಯನ್ನೇ ಸೀಳಬೇಕಾಗಿ ಬಂದರೆ, ಮರುಶಸ್ತ್ರಚಿಕಿತ್ಸೆಗಳಲ್ಲಿ ಬಳಸುವ ಅದುರುವ ಅಲಗಿನ ಗರಗಸದಿಂದ ಎಲುಬನ್ನು ಅಂಗುಲಂಗುಲವಾಗಿ ಬಿಡಿಸುತ್ತ, ತೊಡೆಸಂದಿಯ ರಕ್ತನಾಳಗಳನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಮೊದಲೇ ಸಿದ್ಧವಾಗಿಟ್ಟುಕೊಂಡು ಮುಂದುವರಿಯಬೇಕು. ನಾಳಕ್ಕೆ ತೂತು ಬಿದ್ದರೆ ಅದರೊಳಗಿನ ಆಹಾರ, ರೋಗಾಣುಗಳು ಹೃದಯದ ಸುತ್ತ ಚೆಲ್ಲಿ ಸೋಂಕು ಹರಡುತ್ತದೆ. ನಾಳವನ್ನು ಪೋಷಿಸುವ ಧಮನಿ ಕತ್ತರಿಸಿಹೋದರೆ ರೋಗಿಯ ಅನ್ನದ ದಾರಿಯೇ ಕೊಳೆತುಹೋಗುತ್ತದೆ. ಮೇಲೆಳೆದ ಜಠರಕ್ಕೆ ಜೀವನಾಡಿಯಾದ ಗ್ಯಾಸ್ಟ್ರೋಎಪಿಪ್ಲೋಯಿಕ್ ಧಮನಿಯನ್ನು ಬೈಪಾಸಿನ ನಾಳವಾಗಿ ಬಳಸುವ ಮಾತೂ ಇಲ್ಲಿಗೆ ಮುಗಿಯಿತು.

ನಾಳ ಹೃದಯದ ಹಿಂದಿದ್ದರೆ ಎದೆಮೂಳೆ ಸೀಳುವುದು ಅಷ್ಟು ಅಪಾಯಕಾರಿಯಲ್ಲ, ಆದರೆ ಬೇರೆ ಬಗೆಯ ಎಚ್ಚರ ಬೇಕಾಗುತ್ತದೆ. ಬಡಿಯುವ ಹೃದಯವನ್ನು ಎತ್ತಿ ಹಿಂಬದಿಯ ಧಮನಿಗಳನ್ನು ಹೊಲಿಯುವಾಗ ಜಠರ ಅಮುಕಿಕೊಳ್ಳಬಹುದು, ಗಾಳಿ ತುಂಬಿ ಉಬ್ಬಿದ ಜಠರ ತಾನೇ ಎಡ ಹೃತ್ಕರ್ಣವನ್ನು ಒತ್ತಬಹುದು. ಶಸ್ತ್ರಚಿಕಿತ್ಸೆಯ ವೇಳೆ ಹೃದಯವನ್ನು ಒಳಗಿನಿಂದ ನೋಡಲು ಸಾಮಾನ್ಯವಾಗಿ ಅನ್ನನಾಳದೊಳಗೆ ಇಳಿಸುವ ಅಲ್ಟ್ರಾಸೌಂಡ್ ಕಡ್ಡಿಯನ್ನು ಈ ರೋಗಿಯಲ್ಲಿ ಬಹುಮಟ್ಟಿಗೆ ದೂರವಿಡಬೇಕಾಗುತ್ತದೆ. ಅನ್ನನಾಳದ ಕೆಳತುದಿಯಲ್ಲಿದ್ದ ಕವಾಟದಂಥ ಬಿಗಿ ಈಗ ಇಲ್ಲವಾದ್ದರಿಂದ, ಅರಿವಳಿಕೆ ಕೊಡುವಾಗ ಜಠರದಲ್ಲಿದ್ದದ್ದು ಹಿಮ್ಮುಖವಾಗಿ ಉಸಿರಿನ ಕೊಳವೆಗೆ ನುಗ್ಗದಂತೆ ರೋಗಿಯ ತಲೆಯನ್ನು ಎತ್ತರಿಸಿ, ಶ್ವಾಸನಾಳಕ್ಕೆ ಬೇಗನೆ ಕೊಳವೆ ಹಾಕುತ್ತಾರೆ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವೇ ಉಣ್ಣುವ, ಸದಾ ತೂಕ ಕಡಿಮೆಯಿರುವ ಇಂಥ ರೋಗಿಯ ಗಾಯ ನಿಧಾನವಾಗಿ ಮಾಯುವುದರಿಂದ ಪೌಷ್ಟಿಕತೆಯನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ತೊಡಕುಗಳಿಗೆ ಒಂದು ಪರ್ಯಾಯವೂ ಇದೆ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಕಟ್ಟಿಕೊಂಡ ಹೃದಯಧಮನಿಯೊಳಗೆ ಸಣ್ಣ ಬಲೂನನ್ನು ಇಳಿಸಿ ಉಬ್ಬಿಸಿ ದಾರಿ ಬಿಡಿಸಿದ್ದು, 1986ರಿಂದ ಆ ದಾರಿ ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಲೋಹದ ಜಾಲರಿ ಅಳವಡಿಸುವ ಪದ್ಧತಿ ಬಂದದ್ದು ಎದೆಯನ್ನು ತೆರೆಯದೆಯೇ ಚಿಕಿತ್ಸೆ ಕೊಡಲು ಸಾಧ್ಯವಾಗಿಸಿದೆ. ಹಿಂದೆ ಅನ್ನನಾಳದ ಶಸ್ತ್ರಚಿಕಿತ್ಸೆಯಾದವರಲ್ಲಿ ಸ್ಟೆಂಟಿನತ್ತ ವೈದ್ಯರ ಒಲವು ಸಹಜವಾಗಿಯೇ ಹೆಚ್ಚು. ಎಡಗಡೆಯ ಮುಖ್ಯ ಧಮನಿಯ ಬುಡವೇ ಕಟ್ಟಿಕೊಂಡಾಗ ಅಥವಾ ಮೂರೂ ಧಮನಿಗಳಲ್ಲಿ ಜಟಿಲವಾದ ಅಡಚಣೆಗಳಿದ್ದಾಗ ಮಾತ್ರ ಬೈಪಾಸಿನ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಆಗಲೂ ಹೃದಯ, ಅನ್ನನಾಳ ಮತ್ತು ಅರಿವಳಿಕೆಯ ತಜ್ಞರು ಒಟ್ಟಿಗೆ ಕೂತು ತೀರ್ಮಾನಿಸುವುದೇ ಇಂದಿನ ಒಪ್ಪಿತ ಕ್ರಮ.

ಕಡತದ ಪ್ರಯಾಣ

ಎರಡು ವಿದ್ಯೆಗಳ ನಡುವಿನ ಈ ಸಂಧಿಯಲ್ಲಿ ನಿರ್ಣಾಯಕವಾದ ಸಂಗತಿ ಹಳೆಯ ಶಸ್ತ್ರಚಿಕಿತ್ಸೆಯ ವಿವರ. ಯಾವ ಅಂಗವನ್ನು ಮೇಲೆಳೆಯಲಾಯಿತು, ಯಾವ ದಾರಿಯಲ್ಲಿ ಹಾಯಿಸಲಾಯಿತು, ಯಾವ ಧಮನಿಯ ಮೇಲೆ ಅದು ನಿಂತಿದೆ ಎಂಬ ಮೂರು ಸಾಲುಗಳನ್ನು ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿಟ್ಟರೆ ಇಪ್ಪತ್ತು ವರ್ಷಗಳ ನಂತರದ ವೈದ್ಯನಿಗೆ ಅದೇ ಕೈಪಿಡಿ. ಆದರೆ ಆ ಚೀಟಿ ರೋಗಿಯ ಮನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎಕ್ಸ್‌ರೇ ಹಾಳೆಗಳ ಜೊತೆ ಸುತ್ತಿಕೊಂಡು, ಮಳೆಗಾಲದ ತೇವಕ್ಕೂ ಮನೆ ಬದಲಾವಣೆಗೂ ಒಡ್ಡಿಕೊಂಡು ಉಳಿಯಬೇಕು. ಆಸಿಡ್ ಕುಡಿದ ಘಟನೆಯ ಹಿಂದೆ ಕುಟುಂಬದ ನೋವಿದ್ದರೆ ಅದನ್ನು ಬಚ್ಚಿಡುವ, ಮರೆತುಬಿಡುವ ಒತ್ತಡವೂ ಇರುತ್ತದೆ. ತುರ್ತಾಗಿ ಆಸ್ಪತ್ರೆಗೆ ಬಂದ ರೋಗಿ ಹೊಟ್ಟೆಯ ಆಪರೇಷನ್ ಆಗಿದೆ ಎಂದಷ್ಟೇ ಹೇಳಿದರೆ, ಎದೆಯೊಳಗೆ ಏನಿದೆಯೆಂಬುದು ಆ ಮಾತಿನಿಂದ ತಿಳಿಯುವುದಿಲ್ಲ.

ಸರಗೂರಿನ ಚರಿತ್ರೆ ಈ ಕೊರತೆಯ ಎರಡು ಮುಖಗಳನ್ನೂ ತೋರಿಸುತ್ತದೆ. ಇದೇ ಊರಿನಿಂದ ಇಸಿಜಿಯ ಗೆರೆಗಳು ಉಪಗ್ರಹದ ಮೂಲಕ ಕ್ಷಣಾರ್ಧದಲ್ಲಿ ಬೆಂಗಳೂರನ್ನು ಮುಟ್ಟಿದ್ದವು, ಎಂದರೆ ಇಂದಿನ ರೋಗದ ಚಿತ್ರ ದೂರವನ್ನು ಗೆದ್ದಿತ್ತು. ಅದೇ ರೋಗಿಯ ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ಮಾತ್ರ ಕಾಗದದ ಮೇಲೆ, ಅವನ ಕಂಕುಳಲ್ಲಿಯೇ ಪ್ರಯಾಣ ಮಾಡಬೇಕಾಗಿತ್ತು. ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನವು 2021ರಿಂದ ಪ್ರತಿಯೊಬ್ಬರಿಗೂ ಆರೋಗ್ಯ ಗುರುತಿನ ಸಂಖ್ಯೆ ನೀಡಿ ದಾಖಲೆಗಳನ್ನು ಅದಕ್ಕೆ ಜೋಡಿಸಲು ಹೊರಟಿರುವುದೂ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದಂಥ ಕೇಂದ್ರಗಳಿಗೆ ಜೋಡಿಸಿರುವುದೂ ಈ ಅಂತರವನ್ನು ಕಿರಿದಾಗಿಸುವ ಪ್ರಯತ್ನಗಳೇ. ಆದರೆ ಇವು ಮುಂದಿನ ದಾಖಲೆಗಳನ್ನು ಕಾಪಾಡುತ್ತವೆ. 1980ರ ಮತ್ತು 1990ರ ದಶಕಗಳಲ್ಲಿ ಅನ್ನನಾಳದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಈಗ ಹೃದ್ರೋಗದ ವಯಸ್ಸನ್ನು ತಲುಪುತ್ತಿರುವ ಪೀಳಿಗೆಗೆ ಅವು ತಾವಾಗಿಯೇ ನೆರವಾಗುವುದಿಲ್ಲ. ಆ ಪೀಳಿಗೆಯ ಮಟ್ಟಿಗೆ ಮೊದಲ ಹೆಜ್ಜೆ ಇಡಬೇಕಾದವರು ಸರಗೂರು, ಕೋಟೆ, ಹುಣಸೂರುಗಳ ಆಸ್ಪತ್ರೆಗಳ ವೈದ್ಯರು ಮತ್ತು ದಾದಿಯರು: ಎದೆನೋವೆಂದು ಬಂದವರ ಕುತ್ತಿಗೆ ಮತ್ತು ಹೊಟ್ಟೆಯ ಗುರುತುಗಳನ್ನು ನೋಡಿ, ಹಳೆಯ ಚೀಟಿಯನ್ನು ಕೇಳಿ ತರಿಸಿ, ಅದು ಸಿಗದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆಂದು ಮೈಸೂರಿಗೆ ಕಳಿಸುವ ಪತ್ರದ ತಲೆಯಲ್ಲೇ ಬರೆದರೆ, ಶತಮಾನಕ್ಕೂ ಹೆಚ್ಚು ಕಾಲ ಬೇರೆ ಬೇರೆಯಾಗಿ ಬೆಳೆದ ಎರಡು ವಿದ್ಯೆಗಳು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಆಕಸ್ಮಿಕವಾಗಿ ಎದುರಾಗುವ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.